ಅಂತರಗಂಗೆಯ ಗವಿಗೆ ಮನೆಮಂದಿಯನ್ನೆಲ್ಲ ಕರೆದೊಯ್ಯುವುದು ಹೇಗೆ?

ಭಾನುವಾರ ಬೆಳಿಗ್ಗೆ ಹತ್ತರ ಹೊತ್ತಿಗೆ ಅಂತರಗಂಗೆ ಬೆಟ್ಟದ ಗವಿಗಳ ಬಾಯಲ್ಲಿ ನಿಂತರೆ ಒಂದೇ ಬಗೆಯ ತಪ್ಪು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಒಂದು ಕೈಯಲ್ಲಿ ಮೊಬೈಲ್ ಬೆಳಕು, ಇನ್ನೊಂದರಲ್ಲಿ ನೀರಿನ ಬಾಟಲಿ, ಬೆನ್ನಿಗೆ ಉಬ್ಬಿದ ಚೀಲ, ಕಾಲಿಗೆ ಹವಾಯಿ ಚಪ್ಪಲಿ. ಚಿಕ್ಕಪ್ಪ, ಅತ್ತೆ, ಮಕ್ಕಳು ಎಲ್ಲರೂ ಒಟ್ಟಿಗೆ ಒಳನುಗ್ಗುತ್ತಾರೆ. ಮುಂದಿನವರು ಸಂದಿನಲ್ಲಿ ಸಿಕ್ಕಿ ನಿಲ್ಲುತ್ತಾರೆ. ಹಿಂದಿನವರಿಗೆ ಅದು ಕಾಣದೆ ತಳ್ಳುತ್ತಾರೆ. ನಡುವೆ ಸಿಕ್ಕಿಕೊಂಡ ಮಗು ಚೀರುತ್ತದೆ. ಯಾರಿಗೂ ಗಾಯವಾಗದೆ ಹೊರಬಂದರೂ ಆ ಮಗುವಿಗೆ ಗವಿಯೆಂದರೆ ಭಯ ಎಂಬುದೇ ಮನಸ್ಸಿನಲ್ಲಿ ಉಳಿದುಬಿಡುತ್ತದೆ. ಇಷ್ಟು ಚೆಂದದ ಬೆಟ್ಟಕ್ಕೆ ಬಂದು ಅದನ್ನೇ ಮನೆಗೆ ಒಯ್ಯಬೇಕಿಲ್ಲ. ಗವಿಯಲ್ಲಿ ನಡೆಯುವುದು ಕಲಿಯಬಹುದಾದ ಕೆಲಸ.

ಕೋಲಾರ ಪಟ್ಟಣದ ಅಂಚಿನಲ್ಲೇ ಶತಶೃಂಗ ಬೆಟ್ಟಸಾಲಿದೆ, ಅಂತರಗಂಗೆ ಇರುವುದು ಅದರಲ್ಲೇ. ಪಟ್ಟಣದಿಂದ ಮೂರ್ನಾಲ್ಕು ಕಿಲೋಮೀಟರ್ ಹೋದರೆ ಬೆಟ್ಟದ ಬುಡ. ಮೆಟ್ಟಿಲು ಹತ್ತಿದರೆ ಕಾಶಿ ವಿಶ್ವೇಶ್ವರನ ಗುಡಿ, ಕಲ್ಯಾಣಿ, ಅದಕ್ಕೆ ಕಲ್ಲಿನ ಬಸವನ ಬಾಯಿಂದ ವರ್ಷವಿಡೀ ಬೀಳುವ ನೀರು. ಗುಡಿಯನ್ನು ದಾಟಿ ಮೇಲಕ್ಕೆ ಹೋದರೆ ಬಂಡೆಗಳ ನಡುವೆ ಗವಿಗಳು.

ಹೊರಡುವ ಮೊದಲು ಒಂದು ವಿಷಯ ಮನೆಯವರಿಗೆಲ್ಲ ಗೊತ್ತಿರಲಿ. ಆಂಧ್ರದ ಬೇಲಂ ಗುಹೆಯನ್ನು ನೋಡಿದವರು ಇಲ್ಲಿಯೂ ಅಂಥದ್ದನ್ನೇ ನಿರೀಕ್ಷಿಸಿ ಬರುತ್ತಾರೆ. ಬೇಲಂನಲ್ಲಿ ನೀರು ಸುಣ್ಣಕಲ್ಲನ್ನು ಕರಗಿಸಿ 3,229 ಮೀಟರ್ ಉದ್ದದ ಗುಹೆಯನ್ನು ಕೊರೆದಿದೆ. ಜನ ಓಡಾಡುವ ಭಾಗಕ್ಕೆ ದೀಪ ಹಾಕಿದ್ದಾರೆ, ದಾರಿ ಮಾಡಿದ್ದಾರೆ. ಅಂತರಗಂಗೆಯದು ಗ್ರಾನೈಟ್ ಜಾತಿಯ ಗಟ್ಟಿ ಕಲ್ಲು, ನೀರಿಗೆ ಹಾಗೆ ಕರಗುವುದಿಲ್ಲ. ಬಿರುಕುಗಳಲ್ಲಿ ಇಳಿದ ಮಳೆನೀರು ಕಲ್ಲಿನ ಅಂಚುಗಳನ್ನು ಯುಗಗಳ ಕಾಲ ಸವೆಸಿ, ಸಡಿಲಾದ ಮಣ್ಣನ್ನು ಕೊಚ್ಚಿಕೊಂಡು ಹೋದ ಮೇಲೆ, ಉಳಿದ ಗುಂಡುಗಳು ಒಂದಕ್ಕೊಂದು ಒರಗಿ ನಿಂತಿವೆ. ಅವುಗಳ ನಡುವಿನ ಸಂದುಗಳೇ ಇಲ್ಲಿನ ಗವಿ. ನೆಲ ಸಮವಾಗಿಲ್ಲ, ಹಿಡಿಯಲು ಕಂಬಿಯಿಲ್ಲ, ದೀಪವಿಲ್ಲ. ಕೆಲವೆಡೆ ಕುಕ್ಕರಗಾಲಿನಲ್ಲಿ ಸಾಗಬೇಕು, ಕೆಲವೆಡೆ ಹೊಟ್ಟೆಯ ಮೇಲೆ ತೆವಳಬೇಕು.

ಹಂತ 1: ದಿನವನ್ನು ಆರಿಸಿ

ನೀರು ನೋಡುವ ದಿನವೇ ಬೇರೆ, ಗವಿ ಇಳಿಯುವ ದಿನವೇ ಬೇರೆ. ಜೋರು ಮಳೆಯಾದ ವಾರಗಳಲ್ಲಿ ಬೆಟ್ಟದ ಕೊರಕಲುಗಳಿಂದ ನೀರು ಧಾರೆಯಾಗಿ ಇಳಿಯುತ್ತದೆ, ಬಸವನ ಬಾಯಿಯ ನೀರೂ ರಭಸವಾಗಿ ಬೀಳುತ್ತದೆ. ವರ್ಷವಿಡೀ ಹರಿಯುವ ಹೊಳೆಯಿಲ್ಲದ ಕೋಲಾರದಲ್ಲಿ ಆ ನೋಟಕ್ಕೆ ಬೆಲೆ ಕಟ್ಟಲಾಗದು. ಹೋಗಿ ನೋಡಿ, ಕಲ್ಯಾಣಿಯ ಬಳಿ ಕುಳಿತು ನೋಡಿ. ಆದರೆ ಅಂಥ ದಿನ ಗವಿಗೆ ಇಳಿಯಬೇಡಿ. ಒದ್ದೆಯಾದ ಬಂಡೆಯ ಮೇಲೆ ಎಂಥ ಬೂಟಿಗೂ ಹಿಡಿತ ಸಿಗುವುದಿಲ್ಲ, ಕಲ್ಲುಗಳ ನಡುವಿನ ಮಣ್ಣು ಸಡಿಲವಾಗಿರುತ್ತದೆ. ಮಳೆ ನಿಂತು ಬಂಡೆ ಒಣಗಿದ ಮೇಲೆ, ನವೆಂಬರಿನಿಂದ ಫೆಬ್ರುವರಿಯವರೆಗೆ, ಗವಿಗೆ ಒಳ್ಳೆಯ ಕಾಲ. ಏಪ್ರಿಲ್, ಮೇ ತಿಂಗಳಲ್ಲಿ ಕಾದ ಬಂಡೆ ಅಂಗೈಯನ್ನು ಸುಡುತ್ತದೆ.

ಬೆಂಗಳೂರಿನಿಂದ ಹೊಸಕೋಟೆಯ ಮೇಲೆ ಎಪ್ಪತ್ತು ಕಿಲೋಮೀಟರಿನ ಆಸುಪಾಸು. ಬಸ್ಸುಗಳು ಬೇಕಾದಷ್ಟಿವೆ. ಬೆಳಿಗ್ಗೆ ಎಂಟಕ್ಕೆ ಮೆಟ್ಟಿಲಿನ ಬುಡದಲ್ಲಿರಿ. ರಾತ್ರಿ ಚಾರಣದ ಜಾಹೀರಾತು ನೋಡಿ ಮಕ್ಕಳನ್ನು ಕರೆದುಕೊಂಡು ಕತ್ತಲಲ್ಲಿ ಹತ್ತುವುದು ಬೇಡವೇ ಬೇಡ.

ಹಂತ 2: ಯಾರು ಒಳಗೆ, ಯಾರು ಹೊರಗೆ

ಇದನ್ನು ಮನೆಯಲ್ಲೇ ತೀರ್ಮಾನಿಸಿ, ಗವಿಯ ಬಾಯಲ್ಲಿ ಚರ್ಚೆ ಬೇಡ. ಆರು ವರ್ಷದೊಳಗಿನ ಮಕ್ಕಳು, ಗರ್ಭಿಣಿಯರು, ಮಂಡಿನೋವು, ಹೃದಯದ ತೊಂದರೆ, ಉಬ್ಬಸ ಇರುವವರು ಗುಡಿಯ ಬಳಿಯೇ ಉಳಿಯಲಿ. ಅಜ್ಜಿ ತಾತಂದಿರಿಗೆ ಮೆಟ್ಟಿಲನ್ನು ನಿಧಾನವಾಗಿ ಹತ್ತಿ ದೇವರ ದರ್ಶನ ಮಾಡಿ ನೆರಳಲ್ಲಿ ಕೂರುವುದೇ ಸಾಕಷ್ಟು ದೊಡ್ಡ ಪ್ರವಾಸ. ಅವರ ಜೊತೆಗೆ ಓಡಾಡಬಲ್ಲ ಒಬ್ಬರಿರಬೇಕು. ಒಳಗೆ ಹೋದವರು ಎಷ್ಟು ಹೊತ್ತಿಗೆ ಬರುತ್ತಾರೆ, ಬರದಿದ್ದರೆ ಯಾರಿಗೆ ಹೇಳಬೇಕು ಎಂಬುದು ಆ ಒಬ್ಬರಿಗೆ ಗೊತ್ತಿರಬೇಕು. ಗವಿಯೊಳಗೆ ಮೊಬೈಲ್ ಸಂಪರ್ಕವನ್ನು ನಂಬಬೇಡಿ.

ಗವಿಯ ದಾರಿ ಬಲ್ಲ ಸ್ಥಳೀಯರು ಗುಡಿಯ ಬಳಿ ಸಿಗುತ್ತಾರೆ. ಕನ್ನಡ, ತೆಲುಗು ಎರಡನ್ನೂ ಸಲೀಸಾಗಿ ಆಡುವ ಜನ. ಮೊದಲ ಸಲ ಹೋಗುವ ಕುಟುಂಬ ಇವರಲ್ಲಿ ಒಬ್ಬರನ್ನು ಕರೆದುಕೊಂಡೇ ಹೋಗಬೇಕು. ಕೂಲಿಯನ್ನು ಮೊದಲೇ ಮಾತಾಡಿಕೊಳ್ಳಿ, ಆಮೇಲೆ ಚೌಕಾಸಿ ಮಾಡಬೇಡಿ. ಇಂಟರ್‌ನೆಟ್ಟಿನ ವಿಡಿಯೊ ನೋಡಿ ದಾರಿ ಕಂಡುಕೊಳ್ಳುತ್ತೇವೆ ಎನ್ನುವವರಿಗೆ ಒಂದು ಮಾತು: ವಿಡಿಯೊದಲ್ಲಿ ಎಲ್ಲ ಬಂಡೆಗಳೂ ಒಂದೇ ಥರ ಕಾಣುತ್ತವೆ. ಬೆಟ್ಟದ ಮೇಲೂ ಹಾಗೆಯೇ.

ಹಂತ 3: ಉಡುಪು, ಬೆಳಕು

ಮೊಣಕಾಲು ಮುಚ್ಚುವ ಹತ್ತಿಯ ಪ್ಯಾಂಟು, ತೋಳು ತುಂಬಿದ ಅಂಗಿ. ಸೀರೆ, ದುಪಟ್ಟಾ, ಪಂಚೆ ಗುಡಿಯವರೆಗೆ ಸರಿ, ಗವಿಗಲ್ಲ. ಗಾಜಿನ ಬಳೆಗಳನ್ನು ತೆಗೆದಿಡಿ, ಕಲ್ಲಿಗೆ ತಾಗಿ ಒಡೆದರೆ ಮಣಿಕಟ್ಟು ಕುಯ್ಯುತ್ತದೆ. ತಾಳಿಸರವನ್ನು ಅಂಗಿಯೊಳಗೆ ಸೇರಿಸಿ ಪಿನ್ನು ಹಾಕಿ. ಕನ್ನಡಕಕ್ಕೆ ದಾರ ಕಟ್ಟಿ.

ಬೂಟಿನ ಅಟ್ಟೆ ರಬ್ಬರಿನದಾಗಿರಬೇಕು, ಬೆರಳಿನಿಂದ ಬಾಗಿಸಿದರೆ ಬಾಗಬೇಕು. ಬೀದಿಬದಿಯಲ್ಲಿ ಅಗ್ಗಕ್ಕೆ ಸಿಗುವ, ಟ್ರೆಕ್ಕಿಂಗ್ ಎಂದು ಅಚ್ಚುಹಾಕಿದ ಗಟ್ಟಿ ಪ್ಲಾಸ್ಟಿಕ್ ಅಟ್ಟೆಯ ಬೂಟುಗಳು ಬಂಡೆಯ ಮೇಲೆ ಜಾರುತ್ತವೆ. ಅವಕ್ಕಿಂತ ಮಕ್ಕಳು ಶಾಲೆಗೆ ಹಾಕುವ ಬಿಳಿ ಕ್ಯಾನ್ವಾಸ್ ಬೂಟು ಸಾವಿರ ಪಾಲು ಮೇಲು.

ಬೆಳಕಿನ ವಿಷಯದಲ್ಲಿ ರಾಜಿ ಬೇಡ. ಒಳಗೆ ಹೋಗುವ ಪ್ರತಿಯೊಬ್ಬರ ಹಣೆಗೂ ಕಟ್ಟುವ ಟಾರ್ಚ್ ಬೇಕು, ಇಡೀ ಗುಂಪಿಗೆ ಒಂದು ಹೆಚ್ಚಿನ ಟಾರ್ಚ್ ಇರಬೇಕು. ಮೊಬೈಲ್ ಬೆಳಕು ಒಂದು ಕೈಯನ್ನು ಕಸಿದುಕೊಳ್ಳುತ್ತದೆ, ಮತ್ತು ಗವಿಯಲ್ಲಿ ಎರಡು ಕೈಗಳೂ ಬೇಕು. ಕೈಜಾರಿದ ಮೊಬೈಲ್ ಬಂಡೆಯ ಸಂದಿಗೆ ಬಿದ್ದರೆ ಅದನ್ನು ತೆಗೆಯಲು ಯಾರೋ ಒಬ್ಬರು ತೋಳು ತೂರಿಸುತ್ತಾರೆ, ಅಲ್ಲಿಂದ ನಿಜವಾದ ತೊಂದರೆ ಶುರು. ಗುಂಡಿ ಸೆಲ್ ಹಾಕುವ ಆಟಿಕೆಯಂಥ ಹಣೆದೀಪಗಳನ್ನು ಕೊಳ್ಳಬೇಡಿ, ಬೇಗ ಮಂಕಾಗುತ್ತವೆ. ಕಡ್ಡಿ ಸೆಲ್ಲಿನದು ಇಲ್ಲವೇ ಚಾರ್ಜ್ ಮಾಡುವಂಥದು ಒಳ್ಳೆಯದು. ಹಿಂದಿನ ರಾತ್ರಿ ಮನೆಯ ದೀಪ ಆರಿಸಿ, ಮಕ್ಕಳ ಹಣೆಗೆ ಕಟ್ಟಿ, ಮಂಚದ ಕೆಳಗೆ ತೆವಳಿಸಿ ನೋಡಿ. ಖುಷಿಪಡುತ್ತಾರೆ, ಅಭ್ಯಾಸವೂ ಆಗುತ್ತದೆ.

ಹಂತ 4: ಮೆಟ್ಟಿಲು ಮತ್ತು ಮಂಗಗಳು

ಕೈಯಲ್ಲಿ ಪ್ಲಾಸ್ಟಿಕ್ ಕವರ್ ಹಿಡಿಯಬೇಡಿ. ಅದರೊಳಗೆ ಬಟ್ಟೆಯಿದ್ದರೂ ಮಂಗಕ್ಕೆ ಅದು ತಿಂಡಿಯೇ. ಹಣ್ಣುಕಾಯಿಯನ್ನು ಜಿಪ್ ಇರುವ ಚೀಲದಲ್ಲಿಡಿ. ಮಕ್ಕಳಿಗೆ ಮೆಟ್ಟಿಲ ಮೇಲೆ ಏನನ್ನೂ ತಿನ್ನಲು ಕೊಡಬೇಡಿ. ಕಡಲೆಕಾಯಿ ಎರಚಿ ಫೋಟೊ ತೆಗೆಯುವವರೇ ಈ ಮಂಗಗಳನ್ನು ಹೀಗೆ ಮೈಮೇಲೆ ಬೀಳುವಂತೆ ಮಾಡಿರುವುದು. ಮಂಗ ಏನನ್ನಾದರೂ ಕಿತ್ತುಕೊಂಡರೆ ಬಿಟ್ಟುಬಿಡಿ, ಎಳೆದಾಡಬೇಡಿ. ಕಚ್ಚಿದರೆ ಅಥವಾ ಪರಚಿ ರಕ್ತ ಬಂದರೆ ಹದಿನೈದು ನಿಮಿಷ ಸೋಪು ಹಾಕಿ ನೀರಲ್ಲಿ ತೊಳೆದು, ಅಂದೇ ಕೋಲಾರದ ಎಸ್‌ಎನ್‌ಆರ್ ಜಿಲ್ಲಾಸ್ಪತ್ರೆಗೆ ಹೋಗಿ ರೇಬಿಸ್ ಚುಚ್ಚುಮದ್ದಿನ ಬಗ್ಗೆ ಕೇಳಿ. ಅರಿಸಿನ ಹಚ್ಚಿ ಸುಮ್ಮನಾಗಬೇಡಿ.

ಬಸವನ ಬಾಯಿಯ ನೀರನ್ನು ತೀರ್ಥವಾಗಿ ತಲೆಗೆ ಪ್ರೋಕ್ಷಿಸಿಕೊಳ್ಳಿ. ಕುಡಿಯುವ ನೀರು ಮನೆಯಿಂದಲೇ ಬರಲಿ. ಕಲ್ಯಾಣಿಯಲ್ಲಿ ಸೋಪು, ಶಾಂಪೂ ಬಳಸುವವರನ್ನು ಕಂಡರೆ ಬೇಡವೆಂದು ಹೇಳಿ, ಸಂಕೋಚ ಬೇಡ.

ಹಂತ 5: ಗವಿಯೊಳಗೆ

ಬಾಯಲ್ಲಿ ನಿಂತು ಮೊದಲು ತಲೆಯೆತ್ತಿ ನೋಡಿ. ಬಂಡೆಯ ಚಾಚಿನ ಕೆಳಗೆ ಹೆಜ್ಜೇನು ಕಟ್ಟಿದ್ದರೆ ಆ ಗವಿ ಬೇಡ. ಬೀಡಿ, ಸಿಗರೇಟು, ಪಟಾಕಿ, ಕೂಗಾಟ ಯಾವುದೂ ಕೂಡದು. ದಟ್ಟವಾದ ಸೆಂಟು ಹಾಕಿಕೊಂಡು ಬರಬೇಡಿ. ಜೇನು ಎದ್ದರೆ ಕೈ ಬೀಸಬೇಡಿ, ಮುಖ ಮುಚ್ಚಿಕೊಂಡು ದೂರ ಸರಿಯಿರಿ.

ಸಾಲು ಹೀಗಿರಲಿ: ಮುಂದೆ ದಾರಿ ತೋರಿಸುವವರು, ಅವರ ಹಿಂದೆ ಗುಂಪಿನಲ್ಲೇ ದಪ್ಪ ಮೈಯವರು. ಇದನ್ನು ಹಲವರು ತಲೆಕೆಳಗು ಮಾಡುತ್ತಾರೆ. ತೆಳ್ಳಗಿನ ಹುಡುಗರು ಮೊದಲು ನುಸುಳಿಹೋಗಿ, ಭಾವನವರು ಕೊನೆಯಲ್ಲಿ ಸಂದಿನ ಈಚೆ ಉಳಿದರೆ ಕುಟುಂಬ ಎರಡು ಪಾಲಾಗುತ್ತದೆ. ದೊಡ್ಡ ಮೈಯವರು ದಾಟಲಾಗದಿದ್ದರೆ ಎಲ್ಲರೂ ಅಲ್ಲಿಂದಲೇ ಮರಳಬೇಕು. ಮಕ್ಕಳು ಇಬ್ಬರು ದೊಡ್ಡವರ ನಡುವೆ ಇರಲಿ. ಕೊನೆಯಲ್ಲಿ ಗಟ್ಟಿ ಮನಸ್ಸಿನ ಒಬ್ಬರು. ಮುಂದಿನವರು ಸಂದನ್ನು ಪೂರ್ತಿ ದಾಟಿ ‘ಬನ್ನಿ’ ಎಂದ ಮೇಲೆಯೇ ಹಿಂದಿನವರು ತಲೆ ತೂರಿಸಬೇಕು. ಒಂದು ಸಂದಿನಲ್ಲಿ ಒಬ್ಬರೇ. ಈ ಇಡೀ ಲೇಖನದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಚೀಲವನ್ನು ಬೆನ್ನಿಗೆ ಹಾಕಿಕೊಂಡು ಸಂದಿಗೆ ಇಳಿಯಬೇಡಿ. ಕೈಯಿಂದ ಕೈಗೆ ದಾಟಿಸಿ. ಕಾಲು ಎತ್ತುವ ಮೊದಲು ಎರಡು ಕೈ ಮತ್ತು ಇನ್ನೊಂದು ಕಾಲು ಕಲ್ಲಿನ ಮೇಲೆ ಊರಿರಬೇಕು. ಕೈ ಸರಿಸುವ ಮೊದಲು ಎರಡು ಕಾಲು, ಒಂದು ಕೈ. ಕಣ್ಣಿಗೆ ಕಾಣದ ಬಿರುಕಿಗೆ ಬೆರಳು ಹಾಕಬಾರದು, ಚೇಳು ಹಾವುಗಳಿಗೆ ಅದೇ ಮನೆ. ಕೋಲಾರಮ್ಮನ ಗುಡಿಯಲ್ಲಿ ಚೇಳಮ್ಮನನ್ನು ಪೂಜಿಸುವ ಊರು ಇದು, ಹಿರಿಯರು ಸುಮ್ಮನೆ ಹರಕೆ ಹೊತ್ತವರಲ್ಲ. ದೊಡ್ಡ ಬಂಡೆಗಳ ನಡುವೆ ಸಿಕ್ಕಿಕೊಂಡ ಸಣ್ಣ ಕಲ್ಲನ್ನು ಎಳೆಯುವುದಾಗಲಿ ಒದೆಯುವುದಾಗಲಿ ಬೇಡ. ಅದು ಏನನ್ನು ತಡೆದು ನಿಂತಿದೆಯೋ ಹೊರಗಿನಿಂದ ಹೇಳಲಾಗದು.

ಇಳಿಜಾರು ಬಂದಾಗ ಜನ ಮುಖವನ್ನು ಹೊರಗೆ ಮಾಡಿ ಕುಳಿತು ಜಾರುತ್ತಾರೆ. ಬಂಡೆ ಚಿಕ್ಕದಿದ್ದು, ಕೆಳಗಿನ ನೆಲ ಕಾಣುತ್ತಿದ್ದರೆ ಸರಿ. ಕಡಿದಾಗಿದ್ದರೆ ತಿರುಗಿ, ಎದೆ ಹೊಟ್ಟೆಗಳನ್ನು ಬಂಡೆಗೆ ಆನಿಸಿ, ಕಾಲುಗಳನ್ನು ಮೊದಲು ಇಳಿಸಬೇಕು. ಕೆಳಗೆ ನಿಂತವರು ಪಾದ ಹಿಡಿದು ಮೆಟ್ಟುವ ಜಾಗ ತೋರಿಸಬೇಕು, ಎಳೆಯಬಾರದು. ಎರಡು ಬಂಡೆ ಎದುರುಬದುರಾಗಿದ್ದರೆ ಬೆನ್ನನ್ನು ಒಂದಕ್ಕೆ ಒತ್ತಿ, ಪಾದಗಳನ್ನು ಇನ್ನೊಂದಕ್ಕೆ ಒತ್ತಿ ಸ್ವಲ್ಪ ಸ್ವಲ್ಪವೇ ಸರಿಯಿರಿ. ಎಲ್ಲಿಯೂ ಹಾರಬೇಡಿ.

ಇನ್ನು ತೆವಳುವ ಜಾಗ. ಎರಡೂ ಕೈಗಳನ್ನು ಎದೆಯ ಕೆಳಗೆ ಮಡಚಿಕೊಂಡು ನುಗ್ಗುವುದರಿಂದಲೇ ಹೆಚ್ಚಿನವರು ಸಿಕ್ಕಿಕೊಳ್ಳುವುದು. ಒಂದು ಕೈಯನ್ನು ತಲೆಯ ಮುಂದೆ ಚಾಚಿ, ಇನ್ನೊಂದನ್ನು ತೊಡೆಯ ಪಕ್ಕಕ್ಕೆ ಇಳಿಬಿಟ್ಟರೆ ಭುಜಗಳು ಓರೆಯಾಗಿ ಮೈಯ ಅಗಲ ಕಡಿಮೆಯಾಗುತ್ತದೆ. ಮೊಣಕೈಯಿಂದ ಎಳೆದುಕೊಳ್ಳುವುದಕ್ಕಿಂತ ಕಾಲ್ಬೆರಳಿನಿಂದ ತಳ್ಳಿಕೊಳ್ಳಿ. ಎದೆ ತಾಗಿ ನಿಂತರೆ ಉಸಿರನ್ನು ಪೂರ್ತಿ ಹೊರಬಿಟ್ಟು ಒಂದು ಗೇಣು ಸರಿಯಿರಿ, ಆಮೇಲೆ ಉಸಿರು ತೆಗೆದುಕೊಳ್ಳಿ. ಆಗಲೂ ಸಾಗದಿದ್ದರೆ ಬಂದಂತೆಯೇ ಹಿಂದಕ್ಕೆ ಬನ್ನಿ. ಮುಂದಿನಿಂದ ಯಾರೂ ತೋಳು ಹಿಡಿದು ಜಗ್ಗಬಾರದು. ಹೆದರಿದವರ ಉಸಿರು ವೇಗವಾಗಿ ಎದೆ ಉಬ್ಬುತ್ತದೆ, ಉಬ್ಬಿದಷ್ಟೂ ಬಿಗಿಯಾಗುತ್ತದೆ. ಅಂಥವರ ಹತ್ತಿರ ಒಬ್ಬರೇ, ಮೆಲ್ಲಗೆ ಮಾತಾಡಬೇಕು: ‘ಅತ್ತೆ, ಅವಸರವಿಲ್ಲ, ಉಸಿರು ಬಿಡಿ, ನಾನು ಇಲ್ಲೇ ಇದ್ದೇನೆ.’ ನಾಲ್ಕು ಕಡೆಯಿಂದ ನಾಲ್ಕು ಸಲಹೆ ಬಂದರೆ ಹೆದರಿಕೆ ಹೆಚ್ಚುತ್ತದೆ.

ತಿರುವು ಬಂದಲ್ಲೆಲ್ಲ ಕೊನೆಯವರು ನಿಂತು ಹಿಂದಿರುಗಿ ನೋಡಬೇಕು. ಹೋಗುವಾಗ ಕಂಡ ದಾರಿ ಬರುವಾಗ ಹಾಗೆ ಕಾಣುವುದಿಲ್ಲ. ‘ಇಲ್ಲಿ ಓರೆಯಾದ ಕಲ್ಲು, ಇಲ್ಲಿ ಬೇರು’ ಎಂದು ಗುರುತಿಟ್ಟುಕೊಳ್ಳುವ ಕೆಲಸವನ್ನು ಹತ್ತು ಹನ್ನೆರಡು ವರ್ಷದ ಮಕ್ಕಳಿಗೆ ವಹಿಸಿ, ದೊಡ್ಡವರಿಗಿಂತ ಚೆನ್ನಾಗಿ ಮಾಡುತ್ತಾರೆ. ಬಣ್ಣದಲ್ಲಿ ಬಾಣ ಬರೆಯುವುದು, ಹೆಸರು ಕೆತ್ತುವುದು ಮಾತ್ರ ಬೇಡ.

ಬಾವಲಿಗಳಿದ್ದರೆ ಬೆಳಕನ್ನು ಮೇಲೆ ಹಾಯಿಸಬೇಡಿ. ಅವುಗಳ ಹಿಕ್ಕೆಯ ಧೂಳು ಏಳದಂತೆ ನಡೆಯಿರಿ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ವಿಶಾಲವಾದ, ನೆಲ ಗಟ್ಟಿಯಾದ ಜಾಗ ಸಿಕ್ಕಾಗ ಎಲ್ಲರೂ ಕುಳಿತು ಒಂದು ನಿಮಿಷ ದೀಪ ಆರಿಸಿ. ಮಕ್ಕಳ ಕೈ ಹಿಡಿದುಕೊಂಡಿರಿ. ಊರಿನಲ್ಲಿ ಎಲ್ಲೂ ಸಿಗದ ಕತ್ತಲು ಅದು. ಗವಿಗೆ ಬಂದಿದ್ದಕ್ಕೆ ಅದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ಹಂತ 6: ಇಳಿದು ಬಂದ ಮೇಲೆ

ಊಟ ಈಗ, ಮೊದಲಲ್ಲ. ಹೊಟ್ಟೆ ತುಂಬಿಸಿಕೊಂಡು ತೆವಳಲಾಗದು. ಚಿತ್ರಾನ್ನ, ಮೊಸರನ್ನವನ್ನು ವಾಹನದಲ್ಲೇ ಬಿಟ್ಟು ಹೋಗಿದ್ದರೆ ಮಂಗಗಳ ಕಾಟವಿಲ್ಲದೆ ತಿನ್ನಬಹುದು. ಪಟ್ಟಣದಲ್ಲಿ ಬಿಸಿ ಮುದ್ದೆ, ಬಸ್ಸಾರು ಸಿಕ್ಕರೆ ನನ್ನ ಆಯ್ಕೆ ಅದೇ. ಎಲೆ, ತಟ್ಟೆ, ಬಾಟಲಿ ಎಲ್ಲವನ್ನೂ ವಾಪಸು ತನ್ನಿ.

ಗವಿಗೆ ಬರದೆ ಉಳಿದ ಹಿರಿಯರಿಗೆ ಸಂಜೆಯನ್ನು ಮೀಸಲಿಡಿ. ಕೋಲಾರಮ್ಮನ ಗುಡಿ, ವಿಜಯನಗರ ಕಾಲದ ಕೆತ್ತನೆಯ ಕಂಬಗಳಿರುವ ಸೋಮೇಶ್ವರ ದೇವಾಲಯ ಎರಡೂ ಪಟ್ಟಣದಲ್ಲೇ ಇವೆ, ಮೆಟ್ಟಿಲು ಹತ್ತುವ ಶ್ರಮವಿಲ್ಲ. ಗವಿಯೊಳಗಿನ ದೇವರನ್ನೇ ನೋಡಬೇಕೆಂದು ಅವರು ಆಸೆಪಟ್ಟರೆ ತುಮಕೂರು ಜಿಲ್ಲೆ ಕೊರಟಗೆರೆ ತಾಲ್ಲೂಕಿನ ಸಿದ್ಧರಬೆಟ್ಟವನ್ನು ಇನ್ನೊಂದು ದಿನಕ್ಕೆ ಇಟ್ಟುಕೊಳ್ಳಿ. ಅಲ್ಲಿ ಸಿದ್ಧೇಶ್ವರನಿರುವುದೇ ಗವಿಯಲ್ಲಿ. ಆದರೆ ಅಲ್ಲಿಯೂ ಮೆಟ್ಟಿಲುಗಳಿವೆ, ಅವರ ಮಂಡಿಯನ್ನು ಕೇಳಿಯೇ ಹೊರಡಿ.

ಮಕ್ಕಳ ಮೊಣಕಾಲು, ಮೊಣಕೈಗಳನ್ನು ಅಂದು ರಾತ್ರಿ ಬೆಳಕಿನಲ್ಲಿ ನೋಡಿ. ತರಚು ಗಾಯವನ್ನು ತೊಳೆಯಿರಿ, ಆಳವಾಗಿದ್ದರೆ ಧನುರ್ವಾಯು ಚುಚ್ಚುಮದ್ದು ಯಾವಾಗ ಆಗಿತ್ತೆಂದು ವೈದ್ಯರಿಗೆ ತಿಳಿಸಿ. ಬೂಟುಗಳನ್ನು ಮನೆಯ ಹೊರಗೇ ಕೊಡವಿ, ಹಣೆದೀಪದ ಸೆಲ್ಲುಗಳನ್ನು ಬಿಚ್ಚಿಡಿ. ಒಳಗೇ ಬಿಟ್ಟರೆ ಸೋರಿ ತುಕ್ಕು ಹಿಡಿಯುತ್ತದೆ.