ಹರಳೆಣ್ಣೆ ಕುಡಿದ ಮರಕ್ಕೆ ವಿದ್ಯುತ್ ಮೋಟಾರು

ಹಲವು ವರ್ಷ ಗ್ಲೋ ಎಂಜಿನ್ನಿನಲ್ಲಿ (ಮೆಥನಾಲ್ ಬೆರೆತ ಇಂಧನದ ಪುಟ್ಟ ಎಂಜಿನ್) ಹಾರಿದ ನನ್ನ ಸಿಗ್ ಕಡೆಟ್ ಎಲ್‌ಟಿ-40 ಎಂಬ ರೇಡಿಯೊ ನಿಯಂತ್ರಿತ ಮಾದರಿ ತರಬೇತಿ ವಿಮಾನವನ್ನು ವಿದ್ಯುತ್ತಿಗೆ ಬದಲಾಯಿಸಲು ಹೊರಟಾಗ, ಕಷ್ಟವೆಲ್ಲ ಮೋಟಾರಿನ ಆಯ್ಕೆಯಲ್ಲಿದೆ ಎಂದುಕೊಂಡಿದ್ದೆ. 70 ಅಂಗುಲ ರೆಕ್ಕೆಯ, ಎರಡೂವರೆ ಕಿಲೋ ತೂಗುವ ವಿಮಾನಕ್ಕೆ ಕಿಲೋಗೆ 250 ವ್ಯಾಟ್ ಧಾರಾಳವಾಗಿ ಸಾಲುವುದರಿಂದ, 800 ಕೆವಿಯ (ಒಂದು ವೋಲ್ಟಿಗೆ ನಿಮಿಷಕ್ಕೆ 800 ಸುತ್ತು, ಹೊರೆಯಿಲ್ಲದಾಗ) ಬ್ರಷ್‌ಲೆಸ್ ಮೋಟಾರು, 60 ಆಂಪಿಯರಿನ ಇಎಸ್‌ಸಿ (ಮೋಟಾರಿನ ವೇಗ ನಿಯಂತ್ರಕ) ಮತ್ತು ನಾಲ್ಕು ಸೆಲ್ಲಿನ 4000 ಎಂಎಎಚ್ ಲಿಪೊ ಬ್ಯಾಟರಿಯನ್ನು ಆರಿಸಿದೆ. ಆ ಲೆಕ್ಕ ಒಂದೇ ಸಂಜೆಯಲ್ಲಿ ಮುಗಿಯಿತು.

ಮುಗಿಯದ್ದು ಫೈರ್‌ವಾಲಿನ, ಅಂದರೆ ಮೂಗಿನಲ್ಲಿ ಎಂಜಿನ್ ಕೂರುವ ಮರದ ಅಡ್ಡಗೋಡೆಯ ಕೆಲಸ. ನಾನು ಬಳಸುತ್ತಿದ್ದ ಇಂಧನದಲ್ಲಿ ಮೆಥನಾಲಿನ ಜೊತೆ ಹರಳೆಣ್ಣೆಯೂ ಇತ್ತು. ಮೆಥನಾಲ್ ಉರಿದುಹೋದರೂ ಎಣ್ಣೆ ಹೊರಬಿದ್ದು, ಬಣ್ಣ ಬಿರಿದಲ್ಲೆಲ್ಲ ಮರದೊಳಗೆ ಇಳಿದಿತ್ತು. ಮೇಲುಮೇಲೆ ಒರೆಸಿ, ಪ್ಲೈವುಡ್ ತುಂಡೊಂದನ್ನು ಎಪಾಕ್ಸಿಯಿಂದ ಅಂಟಿಸಿ, ಅದರ ಮೇಲೆ ಮೋಟಾರು ಕೂರಿಸಿ ಪೂರ್ಣ ಥ್ರಾಟಲ್ ಕೊಟ್ಟಾಗ, ಆ ತುಂಡು ಒಂದು ಮೂಲೆಯಿಂದ ಎದ್ದುಬಂತು. ಎದ್ದ ಎಪಾಕ್ಸಿಯ ಹಿಂಬದಿ ಗಾಜಿನಂತೆ ನುಣುಪಾಗಿತ್ತು. ಮರದ ಒಂದು ಎಳೆಯೂ ಅದಕ್ಕೆ ಅಂಟಿರಲಿಲ್ಲ. ಅನಂತರ ಕಾರ್ನ್‌ಫ್ಲೋರನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ದೋಸೆಹಿಟ್ಟಿನ ಹದಕ್ಕೆ ಕಲಸಿ ಬಳಿದು, ಒಣಗಿದ ಮೇಲೆ ಕೆರೆದೆ. ಮೊದಲ ಪದರ ಅರಿಸಿನ ಕಲಸಿದಂತೆ ಎದ್ದಿತು, ಐದನೆಯದು ಬೆಳ್ಳಗೆ ಬಂತು. ಆಮೇಲೂ ಅಂಟನ್ನಷ್ಟೇ ನಂಬದೆ, ಹಿಂದೆ ಬ್ಲೈಂಡ್ ನಟ್ (ಮರಕ್ಕೆ ಕಚ್ಚಿ ಕೂರುವ ನಟ್) ಕೂರಿಸಿ ನಾಲ್ಕು ಬೋಲ್ಟುಗಳಿಂದ ಬಿಗಿದೆ. ಎಂಜಿನ್ನಿಗಿಂತ ಮೋಟಾರು ಗಿಡ್ಡವಾದ್ದರಿಂದ, ಪ್ರೊಪೆಲ್ಲರ್ ಮೊದಲಿನ ಜಾಗದಲ್ಲೇ ನಿಲ್ಲುವಂತೆ ಅಲ್ಯೂಮಿನಿಯಂ ಕಂಬಗಳನ್ನು ಕೊಟ್ಟು, ಎಂಜಿನ್ನಿಗೆ ಬಲಕ್ಕೂ ಕೆಳಕ್ಕೂ ಇದ್ದ ಓರೆಯನ್ನು ಹಾಗೆಯೇ ಉಳಿಸಿಕೊಂಡೆ.

ಸೈಲೆನ್ಸರ್ ಸಮೇತ ಎಂಜಿನ್ 360 ಗ್ರಾಂ ಇತ್ತು, ಮೋಟಾರು 170. ಹಗುರಾದ ಮೂಗಿಗೆ ಸೀಸ ತುಂಬುವ ಬದಲು, ಟ್ಯಾಂಕ್ ತೆಗೆದ ಗೂಡನ್ನೇ ಅಗಲಿಸಿ, ಬ್ಯಾಟರಿಯನ್ನು ಫೈರ್‌ವಾಲಿಗೆ ಒತ್ತಿ ಕೂರಿಸಿ, ಮೇಲೆ ಅಯಸ್ಕಾಂತದ ಮುಚ್ಚಳ ಮಾಡಿದೆ. ಇಂಧನ ಖಾಲಿಯಾದಂತೆ ತೂಕದ ಕೇಂದ್ರ ಹಿಂದೆ ಸರಿಯುತ್ತಿದ್ದ ಕಾಟವೂ ಇದರಿಂದ ತಪ್ಪಿತು.

ವಾಟ್‌ಮೀಟರ್ ಇಲ್ಲದೆ ಪ್ರೊಪೆಲ್ಲರ್ ಆರಿಸಬಾರದೆಂಬುದು ನನ್ನ ಹಟ. 13x6.5 (ಅಂಗುಲಗಳಲ್ಲಿ ವ್ಯಾಸ ಮತ್ತು ಪಿಚ್, ಅಂದರೆ ಒಂದು ಸುತ್ತಿಗೆ ಮುಂದೆ ಸಾಗುವ ದೂರ) ಹಾಕಿದಾಗ 58 ಆಂಪಿಯರ್ ಎಳೆಯಿತು, ಮೋಟಾರಿನ ಮಿತಿಯಾದರೋ 50. 12x6ಕ್ಕೆ ಇಳಿಸಿದಾಗ 44ಕ್ಕೆ ನಿಂತಿತು. ಮೊದಲ ಹಾರಾಟವನ್ನು ಒಂಬತ್ತನೇ ನಿಮಿಷಕ್ಕೆ ಮುಗಿಸಿ ಚಾರ್ಜ್ ಮಾಡಿದಾಗ 2900 ಎಂಎಎಚ್ ಒಳಸೇರಿತು, ಅಂದರೆ ಬ್ಯಾಟರಿಯಲ್ಲಿ ಕಾಲುಭಾಗಕ್ಕಿಂತ ತುಸು ಹೆಚ್ಚು ಉಳಿದಿತ್ತು. ಟೈಮರನ್ನು ಅಂದಿನಿಂದ ಒಂಬತ್ತಕ್ಕೇ ಇಟ್ಟಿದ್ದೇನೆ.