ಬಿಸಿಲೂರಿನಲ್ಲಿ ಆಮೆಗೊಂದು ದೀಪ

ನಮ್ಮ ಮನೆಯ ಆಮೆಗೆಂದು ಮೊದಲ ಎರಡು ವರ್ಷಗಳಲ್ಲಿ ನಾನು ಕೊಂಡ ಐದು ದೀಪಗಳಲ್ಲಿ ಒಂದೂ ಇಂದು ಬಳಕೆಯಲ್ಲಿಲ್ಲ. ಒಂದು ಆಮೆಯ ಕಣ್ಣು ಕೆಡಿಸಿತು, ಒಂದು ಹೋಲ್ಡರನ್ನು ಕರಗಿಸಿತು, ಒಂದು ನೀರಿನ ಹನಿ ಬಿದ್ದು ಸಿಡಿಯಿತು. ಉಳಿದೆರಡು ಕಲಬುರಗಿಯಂತಹ ಊರಿಗೆ ಬೇಕಾಗಿಯೇ ಇರಲಿಲ್ಲ. ಮೊದಲ ಪಾರ್ಸೆಲ್ ಬಿಚ್ಚುವಾಗ ಪಕ್ಕದಲ್ಲಿ ಕುಳಿತಿದ್ದ ಅವ್ವ, "ಇಷ್ಟ್ ಬಿಸಲ್ ಇದ್ದ ಊರಾಗ ಆಮಿಗಿ ಲೈಟ್ ಯಾಕ ಬೇಕೋ?" ಎಂದು ಕೇಳಿದ್ದಳು. ಅದನ್ನು ನಾನು ನಕ್ಕು ತಳ್ಳಿಹಾಕಿದೆ. ಈಗ ಯೋಚಿಸಿದರೆ, ದೀಪ ಕೊಳ್ಳುವ ಮುನ್ನ ಕೇಳಿಕೊಳ್ಳಬೇಕಾಗಿದ್ದ ಮೊದಲ ಪ್ರಶ್ನೆಯೇ ಅದು: ನಮ್ಮೂರಿನ ಸೂರ್ಯ ಯಾವ ತಿಂಗಳಲ್ಲಿ, ದಿನದ ಯಾವ ಹೊತ್ತಿನಲ್ಲಿ ಸಾಲುವುದಿಲ್ಲ?

ಮುಂದೆ ಹೋಗುವ ಮುನ್ನ ಒಂದು ಮಾತು. ನಮ್ಮ ಭಾಗದಲ್ಲಿ ಆಮೆ ಎಂದರೆ ಬಹಳ ಜನರ ಕಣ್ಣ ಮುಂದೆ ಬರುವುದು ಚಿಪ್ಪಿನ ಮೇಲೆ ಹಳದಿ ಗೆರೆಗಳಿರುವ ನಕ್ಷತ್ರ ಆಮೆ. ಅದನ್ನು ಅದೃಷ್ಟದ ಹೆಸರಿನಲ್ಲಿ ಮನೆಯಲ್ಲಿಟ್ಟುಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಅದಕ್ಕೆ ಯಾವ ದೀಪ ಒಳ್ಳೆಯದು ಎಂದು ಯಾರಾದರೂ ಕೇಳಿದರೆ ಅರಣ್ಯ ಇಲಾಖೆಗೆ ಒಪ್ಪಿಸಿ ಎಂಬುದಷ್ಟೇ ನನ್ನ ಉತ್ತರ. ನನ್ನಲ್ಲಿರುವುದು ಆಫ್ರಿಕಾದ ಸಲ್ಕಾಟಾ, ಪರಿಚಿತರೊಬ್ಬರ ಮನೆಯಲ್ಲಿಯೇ ಮೊಟ್ಟೆಯೊಡೆದ ಮರಿ. ವಿದೇಶಿ ಪ್ರಾಣಿಗಳ ನೋಂದಣಿಗೆ ಸಂಬಂಧಿಸಿದ 2024ರ ನಿಯಮಗಳು ಬಂದ ಮೇಲೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ಅದರ ನೋಂದಣಿಯನ್ನೂ ಮಾಡಿಸಿದ್ದೇನೆ. ಸಹಾರಾ ಮರುಭೂಮಿಯ ದಕ್ಷಿಣದ ಅಂಚಿನಲ್ಲಿ ಬದುಕುವ ಈ ಜಾತಿ ಚಳಿಗಾಲದ ದೀರ್ಘನಿದ್ರೆಗೆ ಹೋಗುವುದಿಲ್ಲ. ಆದ್ದರಿಂದ ಚಳಿಯಲ್ಲಿ ಅದು ಮಂಕಾಗಿ ಕುಳಿತರೆ ನಿದ್ದೆ ಮಾಡುತ್ತಿದೆ ಎಂದು ಸಮಾಧಾನಪಟ್ಟುಕೊಳ್ಳುವಂತಿಲ್ಲ.

ಮೊದಲ ಚಳಿಗಾಲದಲ್ಲಿ ನಾನು ಮಾಡಿದ್ದು ಅದೇ ಸಮಾಧಾನ. ಅಂಗೈಯಗಲದ ಮರಿಯನ್ನು ಪಡಸಾಲೆಯ ಕಿಟಕಿಯ ಪಕ್ಕ, ಗಾಜಿನ ಮೂಲಕ ಬಿಸಿಲು ಬೀಳುವ ಜಾಗದಲ್ಲಿ ಇಟ್ಟಿದ್ದೆ. ಬೆಳಕು ಬೀಳುತ್ತಿತ್ತು, ಬಿಸಿಯೂ ತಟ್ಟುತ್ತಿತ್ತು. ಇನ್ನೇನು ಬೇಕು ಎಂದುಕೊಂಡೆ. ಕಿಟಕಿಯ ಸಾದಾ ಗಾಜು ಆಮೆಗೆ ಬೇಕಾದ ಯುವಿ-ಬಿ ಕಿರಣಗಳನ್ನು, ಅಂದರೆ ಬಿಸಿಲಿನಲ್ಲಿರುವ ನೇರಳಾತೀತ ಕಿರಣಗಳ ಒಂದು ಬಗೆಯನ್ನು, ಹೆಚ್ಚುಕಡಿಮೆ ಪೂರ್ತಿಯಾಗಿ ತಡೆದುಬಿಡುತ್ತದೆ ಎಂಬುದು ತಿಳಿದದ್ದು ಮರಿಯ ಹೊಟ್ಟೆಯ ಚಿಪ್ಪು ಬೆರಳಿಗೆ ಮೆತ್ತಗೆ ಹತ್ತತೊಡಗಿದಾಗ. ಹೈದರಾಬಾದಿನ ಪಶುವೈದ್ಯರೊಬ್ಬರಿಗೆ ತೋರಿಸಿದಾಗ ಅವರು ಔಷಧಿ ಬರೆಯುವ ಮುಂಚೆಯೇ, "ಇದಕ್ಕೆ ಬಯಲಿನ ಬಿಸಿಲು ಎಷ್ಟು ಹೊತ್ತು ಸಿಗುತ್ತದೆ?" ಎಂದು ಕೇಳಿದರು. ಉತ್ತರಿಸಲು ನನ್ನಲ್ಲಿ ಮಾತಿರಲಿಲ್ಲ.

ಅವರು ವಿವರಿಸಿದ ವಿಷಯವೇ ಮುಂದಿನ ನನ್ನ ಎಲ್ಲ ಆಯ್ಕೆಗಳಿಗೆ ತಳಪಾಯವಾಯಿತು. ಚರ್ಮದ ಮೇಲೆ ಯುವಿ-ಬಿ ಬಿದ್ದಾಗ ಅಲ್ಲಿರುವ ಕೊಲೆಸ್ಟೆರಾಲ್ ಜಾತಿಯ ಒಂದು ವಸ್ತು ವಿಟಮಿನ್ ಡಿ3ರ ಪೂರ್ವರೂಪವಾಗಿ ಬದಲಾಗುತ್ತದೆ. ಆ ಪೂರ್ವರೂಪ ನಿಜವಾದ ಡಿ3 ಆಗಬೇಕಾದರೆ ಮೈ ಬೆಚ್ಚಗಿರಬೇಕು. ಡಿ3 ಇದ್ದರೆ ಮಾತ್ರ ಕರುಳು ತಿಂದ ಸೊಪ್ಪಿನಲ್ಲಿರುವ ಸುಣ್ಣದಂಶವನ್ನು ಹೀರಿಕೊಳ್ಳುತ್ತದೆ. ಅಂದರೆ ಶಾಖ ಒಂದು ಮೂಲೆಯಲ್ಲಿ, ಯುವಿ ಇನ್ನೊಂದು ಮೂಲೆಯಲ್ಲಿ ಇದ್ದರೆ ಎರಡೂ ವ್ಯರ್ಥ. ಎರಡೂ ಒಂದೇ ಹೊತ್ತಿಗೆ ಒಂದೇ ಬೆನ್ನಿನ ಮೇಲೆ ಬೀಳಬೇಕು, ಸೂರ್ಯನಿಂದ ಬೀಳುವ ಹಾಗೆ.

ಹೀಗೆ ತಿಳಿದ ಮೇಲೂ ನಾನು ಅವಸರಪಟ್ಟೆ. ಮೊದಲು ತರಿಸಿದ್ದು ಸುರುಳಿಯಾಕಾರದ ಅಗ್ಗದ ಯುವಿ ಬಲ್ಬು. ಅದನ್ನು ಮರಿಯ ತಲೆಯ ಮಟ್ಟಕ್ಕೆ ತೀರ ಹತ್ತಿರ, ಪಕ್ಕದಿಂದ ಬೆಳಕು ಬೀಳುವಂತೆ ಸಿಕ್ಕಿಸಿದೆ. ನಾಲ್ಕೈದು ದಿನಗಳಲ್ಲಿ ಮರಿ ಕಣ್ಣು ಬಿಡಲಿಲ್ಲ. ರೆಪ್ಪೆ ಊದಿಕೊಂಡು ಮೇವು ಮುಟ್ಟುವುದನ್ನೂ ಬಿಟ್ಟಿತು. ಬಲ್ಬು ತೆಗೆದ ಮೇಲೆ ವಾರದೊಳಗೆ ಸರಿಹೋಯಿತು. ಸೂರ್ಯ ಯಾವಾಗಲೂ ಮೇಲಿನಿಂದಲೇ ಬೆಳಗುವುದರಿಂದ ಆಮೆಯ ಕಣ್ಣಿಗೆ ಹುಬ್ಬಿನ ಮೂಳೆ ನೆರಳಾಗುತ್ತದೆ. ಪಕ್ಕದಿಂದ ಬೀಳುವ ಯುವಿಗೆ ಅದರ ಬಳಿ ಯಾವ ರಕ್ಷಣೆಯೂ ಇಲ್ಲ. ಇಷ್ಟು ಸರಳವಾದ ಮಾತು ಆ ಬಲ್ಬಿನ ಡಬ್ಬಿಯ ಮೇಲೆ ಎಲ್ಲಿಯೂ ಇರಲಿಲ್ಲ.

ಎರಡನೆಯದು, ಶಾಖ ಮತ್ತು ಯುವಿ ಎರಡನ್ನೂ ಒಟ್ಟಿಗೆ ಕೊಡುವ ಪಾದರಸದ ಆವಿಯ ದೀಪ. ಕೇಳಲು ಚೆನ್ನಾಗಿತ್ತು. ಆದರೆ ಶಾಖ ಹೆಚ್ಚಾಯಿತೆಂದು ಆರಿಸಿದರೆ ಯುವಿಯೂ ಹೋಗುತ್ತದೆ. ಇಂತಹ ದೀಪವನ್ನು ಥರ್ಮೋಸ್ಟಾಟಿಗೆ, ಅಂದರೆ ಶಾಖ ನೋಡಿಕೊಂಡು ತಾನಾಗಿಯೇ ಹೊತ್ತಿಸಿ ಆರಿಸುವ ಸಾಧನಕ್ಕೆ, ಜೋಡಿಸುವಂತೆಯೇ ಇಲ್ಲ. ಮೇಲಾಗಿ ನಮ್ಮ ಬಡಾವಣೆಯಲ್ಲಿ ವೋಲ್ಟೇಜ್ ಒಮ್ಮೆ ಇಳಿದರೆ ಸಾಕು, ದೀಪ ಆರುತ್ತಿತ್ತು. ಆರಿದ ದೀಪ ತಣ್ಣಗಾಗುವವರೆಗೆ ಮತ್ತೆ ಹೊತ್ತುತ್ತಿರಲಿಲ್ಲ. ದಿನಕ್ಕೆ ಮೂರು ಸಲ ಹೀಗಾದ ಮೇಲೆ ಅದನ್ನು ಕಪಾಟಿನಲ್ಲಿಟ್ಟೆ. ತಣ್ಣನೆಯ ದೇಶದ ದೊಡ್ಡ ಕೋಣೆಯಲ್ಲಿ ಅದು ಒಳ್ಳೆಯ ದೀಪವೇ ಇರಬಹುದು. ಫೆಬ್ರುವರಿಯಲ್ಲೇ ಮಧ್ಯಾಹ್ನ ಬೆವರುವ ನಮ್ಮ ಮನೆಗೆ ಅದು ಹೊಂದಲಿಲ್ಲ.

ಆಮೇಲೆ ಅವ್ವನ ಪ್ರಶ್ನೆಗೆ ಮರಳಿದೆ. ಯುವಿ ಸೂಚ್ಯಂಕ, ಅಂದರೆ ಯುವಿಯ ತೀವ್ರತೆ, ಅಳೆಯುವ ಕೈ ಮೀಟರೊಂದನ್ನು ಗೆಳೆಯರಿಂದ ಎರವಲು ತಂದು, ಒಂದು ವರ್ಷ ಆಗಾಗ ಮಾಳಿಗೆಯ ಮೇಲೆ ಹಿಡಿದು ಬರೆದಿಟ್ಟುಕೊಂಡೆ. ಜನವರಿಯ ಬೆಳಿಗ್ಗೆ ಹತ್ತೂವರೆಗೆ ಅದು 4ರ ಆಸುಪಾಸು ತೋರಿಸುತ್ತಿತ್ತು, ನಡು ಮಧ್ಯಾಹ್ನ 7ರ ಹತ್ತಿರ. ಏಪ್ರಿಲ್‌ನಲ್ಲಿ 10 ದಾಟುತ್ತಿತ್ತು. ಅದೇ ಮೀಟರನ್ನು ಕಿಟಕಿಯ ಗಾಜಿನ ಒಳಗೆ ಹಿಡಿದರೆ ಸೊನ್ನೆ. ಮರಿಗೆ ಮೈ ಕಾಯಿಸುವ ಜಾಗದಲ್ಲಿ 3ರಿಂದ 5ರಷ್ಟಿದ್ದು, ಬೇಡವೆನಿಸಿದಾಗ ಸರಿದುಹೋಗಲು ನೆರಳಿದ್ದರೆ ಸಾಕು. ಲೆಕ್ಕ ಸ್ಪಷ್ಟವಾಯಿತು: ಅಕ್ಟೋಬರಿನಿಂದ ಜೂನ್ ತಿಂಗಳವರೆಗೆ ನನಗೆ ಯುವಿ ದೀಪವೇ ಬೇಕಿಲ್ಲ, ಬೆಳಗಿನ ಒಂದೆರಡು ಗಂಟೆ ಆಮೆಯನ್ನು ಅಂಗಳಕ್ಕೆ ಬಿಟ್ಟರಾಯಿತು. ದೀಪ ಬೇಕಾಗಿರುವುದು ಮುಂಗಾರಿನ ಮೋಡ ವಾರಗಟ್ಟಲೆ ಕವಿದುಕೊಳ್ಳುವ ಜುಲೈಯಿಂದ ಸೆಪ್ಟೆಂಬರ್‌ವರೆಗೆ. ಶಾಖ ಬೇಕಾಗಿರುವುದು ಮಳೆಗಾಲದ ಹಸಿ ದಿನಗಳಿಗೆ ಮತ್ತು ಡಿಸೆಂಬರ್–ಜನವರಿಯ ರಾತ್ರಿಗಳಿಗೆ. ಬೀದರ್ ನಮಗಿಂತ ಎತ್ತರದಲ್ಲಿರುವ ಊರು. ಅಲ್ಲಿ ಸಾಕುವವರು ಚಳಿಯ ತಿಂಗಳುಗಳಿಗೆ ಇನ್ನೊಂದಿಷ್ಟು ದಿನ ಸೇರಿಸಿಕೊಳ್ಳುವುದು ಒಳ್ಳೆಯದು.

ಮಳೆಗಾಲಕ್ಕೆ ನಾನು ಆರಿಸಿದ್ದು ಉದ್ದನೆಯ, ತೆಳುವಾದ ಟಿ5 ಮಾದರಿಯ ಯುವಿ ಟ್ಯೂಬ್, 24 ವ್ಯಾಟ್, ಸುಮಾರು 55 ಸೆಂಟಿಮೀಟರ್ ಉದ್ದ, ಹಿಂದೆ ಅಲ್ಯೂಮಿನಿಯಂ ಪ್ರತಿಫಲಕ. ಬಲ್ಬಿನಲ್ಲಿ ಯುವಿ ಒಂದು ಚುಕ್ಕೆಯಾಗಿ ಬೀಳುತ್ತದೆ. ಟ್ಯೂಬಿನಲ್ಲಿ ಆಮೆಯ ಮೈಯಷ್ಟು ಅಗಲಕ್ಕೆ ಹರಡುತ್ತದೆ. ಮೊದಲು ಇದನ್ನು ಪೆಟ್ಟಿಗೆಯ ಮೇಲಿನ ಕಬ್ಬಿಣದ ಜಾಳಿಗೆಯ ಹೊರಗೆ ಇಟ್ಟಿದ್ದೆ. ಮೀಟರ್ ಹಿಡಿದು ನೋಡಿದರೆ ಆ ಜಾಳಿಗೆಯೊಂದೇ ಮೂರನೇ ಒಂದು ಭಾಗಕ್ಕೂ ಹೆಚ್ಚು ಯುವಿಯನ್ನು ನುಂಗುತ್ತಿತ್ತು. ಈಗ ಟ್ಯೂಬನ್ನು ಜಾಳಿಗೆಯ ಒಳಗಡೆ, ಆಮೆಯ ಬೆನ್ನಿನಿಂದ 35 ಸೆಂಟಿಮೀಟರ್ ಎತ್ತರದಲ್ಲಿ ಸರಪಳಿಯಿಂದ ತೂಗುಹಾಕಿದ್ದೇನೆ. ಅಳತೆಯನ್ನು ನೆಲದಿಂದ ಹಿಡಿಯದೆ ಬೆನ್ನಿನಿಂದ ಹಿಡಿಯಬೇಕು. ಆಮೆ ಬೆಳೆದಂತೆ ದೀಪ ತಾನಾಗಿಯೇ ಹತ್ತಿರವಾಗುತ್ತ ಹೋಗುತ್ತದೆ, ಇದನ್ನು ಮರೆಯುವವರೇ ಹೆಚ್ಚು. ಕ್ಲಿಪ್ಪನ್ನು ನಂಬಿ ನೇತುಹಾಕುವುದನ್ನಂತೂ ಪೂರ್ತಿ ಬಿಟ್ಟಿದ್ದೇನೆ.

ಹಗಲಿನ ಶಾಖಕ್ಕೆ ಹ್ಯಾಲೊಜನ್ ಫ್ಲಡ್ ಬಲ್ಬು. ಅದರ ಕಿರಣಗಳಲ್ಲಿ ಸೂರ್ಯನದರಂತೆಯೇ ಮೈಯೊಳಕ್ಕೆ ಇಳಿಯುವ ಅವಕೆಂಪಿನ (ಇನ್‌ಫ್ರಾರೆಡ್) ಪಾಲು ಹೆಚ್ಚು. ಮೊದಲು 100 ವ್ಯಾಟಿನ ಒಂದೇ ಬಲ್ಬು ಹಾಕಿದ್ದೆ. ಚಿಪ್ಪಿನ ನಡುನೆತ್ತಿ 45 ಡಿಗ್ರಿ ಮುಟ್ಟುತ್ತಿತ್ತು, ಕಾಲುಗಳು ತಣ್ಣಗೇ ಇರುತ್ತಿದ್ದವು. ಈಗ 50 ವ್ಯಾಟಿನ ಎರಡನ್ನು ಅಕ್ಕಪಕ್ಕ ಹಾಕಿ, ಚಿಪ್ಪಿನ ಪೂರ್ತಿ ಅಗಲಕ್ಕೆ 35ರಿಂದ 38 ಡಿಗ್ರಿ ಬರುವಂತೆ ಎತ್ತರ ಹೊಂದಿಸಿದ್ದೇನೆ. ಪೆಟ್ಟಿಗೆಯ ಇನ್ನೊಂದು ತುದಿ 27ರ ಸುಮಾರಿಗೆ ತಂಪಾಗಿರಬೇಕು, ಇಲ್ಲದಿದ್ದರೆ ಪಾಪ ಅದು ಎಲ್ಲಿಗೆ ಹೋಗಬೇಕು? ಬಲ್ಬಿನ ಕೆಳಗೆ ಶಹಾಬಾದ್ ಫರ್ಶಿಯ ಒಂದು ತುಂಡು ಹಾಸಿದ್ದೇನೆ. ಅದು ಬಿಸಿಯನ್ನು ಹಿಡಿದಿಟ್ಟುಕೊಳ್ಳುತ್ತದೆ, ನಡೆದಾಡುವಾಗ ಉಗುರೂ ಸವೆಯುತ್ತದೆ. ನಮ್ಮ ಜಿಲ್ಲೆಯಲ್ಲಿ ಅದಕ್ಕೆ ದುಡ್ಡು ಕೊಡುವ ಅಗತ್ಯವೂ ಬೀಳುವುದಿಲ್ಲ, ಮನೆ ಕಟ್ಟುವವರ ಬಳಿ ಒಡೆದ ತುಂಡು ಸಿಕ್ಕೇ ಸಿಗುತ್ತದೆ. ನೀರು ಚಿಮುಕಿಸುವಾಗ ಬಲ್ಬುಗಳನ್ನು ಆರಿಸಿ ತಣ್ಣಗಾಗಲು ಬಿಡುವುದನ್ನು ಈಗ ಮರೆಯುವುದಿಲ್ಲ. ಸಿಡಿದದ್ದು ಹಾಗೆ ಮರೆತ ದಿನವೇ.

ಅತಿ ಹೆಚ್ಚು ತಪ್ಪು ಮಾಡಿದ್ದು ರಾತ್ರಿಯ ಶಾಖದಲ್ಲಿ. ಕೆಂಪು ಬೆಳಕು ಆಮೆಗೆ ಕಾಣುವುದಿಲ್ಲ ಎಂದು ನಂಬಿಸಿ ಮಾರುವ ಕೆಂಪು ಬಲ್ಬನ್ನು ಒಂದು ಚಳಿಗಾಲ ಉರಿಸಿದೆ. ಆಮೆಗೆ ಕೆಂಪು ಚೆನ್ನಾಗಿಯೇ ಕಾಣುತ್ತದೆ. ಕೆಂಪು ಹೂವನ್ನು ದೂರದಿಂದಲೇ ಗುರುತಿಸಿ ಓಡಿ ಬರುವ ಪ್ರಾಣಿಗೆ ಕೆಂಪು ದೀಪ ಕಾಣುವುದಿಲ್ಲ ಎಂದು ನಂಬಿದ್ದಕ್ಕೆ ನನಗೆ ನನ್ನ ಮೇಲೆಯೇ ನಗು ಬರುತ್ತದೆ. ರಾತ್ರಿಯೆಲ್ಲ ಅದು ಪೆಟ್ಟಿಗೆಯ ಮೂಲೆ ಕೆರೆಯುತ್ತಿತ್ತು. ಬೆಳಕೇ ಇಲ್ಲದೆ ಶಾಖವನ್ನಷ್ಟೇ ಕೊಡುವ ಸೆರಾಮಿಕ್ ಹೀಟರ್ ಬಲ್ಬು ಸರಿಯಾದ ಆಯ್ಕೆ ಎಂಬುದು ಆಮೇಲೆ ತಿಳಿಯಿತು. ಆದರೆ ಅದರ ಬುಡ ಸ್ಕ್ರೂ ಮಾದರಿಯದು, ನಮ್ಮ ಮನೆಗಳ ಹೋಲ್ಡರ್ ಪಿನ್ ಮಾದರಿಯದು. ಹಗಲಿನ ಮೊದಲ ಬಲ್ಬಿಗೆ ನಡುವೆ ಪ್ಲಾಸ್ಟಿಕ್ಕಿನ ಜೋಡಿಕೆ ಹಾಕಿದ್ದೆ, ಅದು ಮೂರನೆಯ ದಿನ ಕರಗಿ ಮನೆಯೆಲ್ಲ ಸುಟ್ಟ ವಾಸನೆ ತುಂಬಿತ್ತು. ಸೆರಾಮಿಕ್ ಬಲ್ಬಿಗೆ ಪಿಂಗಾಣಿಯ ಸ್ಕ್ರೂ ಹೋಲ್ಡರ್ ಹೊರತು ಬೇರೆ ಯಾವುದನ್ನೂ ಬಳಸಬಾರದು. ಬಲ್ಬಿನ ಸುತ್ತ ತಂತಿಯ ಪಂಜರ ಇರಬೇಕು, ಏಕೆಂದರೆ ಬೆಳಕಿಲ್ಲದ ಕಾರಣ ಅದು ಉರಿಯುತ್ತಿದೆಯೋ ಇಲ್ಲವೋ ಎಂಬುದು ಕೈ ಸುಟ್ಟುಕೊಂಡ ಮೇಲೆಯೇ ಗೊತ್ತಾಗುತ್ತದೆ.

ಥರ್ಮೋಸ್ಟಾಟನ್ನು ಪ್ರಾಣಿಗಳ ಅಂಗಡಿಯಿಂದ ತರಿಸದೆ, ಕೋಳಿ ಮೊಟ್ಟೆ ಮರಿ ಮಾಡುವ ಪೆಟ್ಟಿಗೆಗಳಿಗೆ ಬಳಸುವ ಸಾದಾ ಡಿಜಿಟಲ್ ಥರ್ಮೋಸ್ಟಾಟನ್ನೇ ಕೊಂಡೆ. ಸೆರಾಮಿಕ್ ಬಲ್ಬಿಗೆ ಆಗಾಗ ಹೊತ್ತಿ ಆರುವುದರಿಂದ ತೊಂದರೆಯಿಲ್ಲ, ಆದ್ದರಿಂದ ಅಗ್ಗದ್ದೇ ಸಾಕಾಯಿತು. ಅದರ ತಂತಿಯ ತುದಿಯನ್ನು ಆಮೆ ಮಲಗುವ ಮಟ್ಟದಲ್ಲಿ, ಆದರೆ ಅದು ಎಳೆದಾಡಲಾಗದಂತೆ ಪೈಪಿನೊಳಗೆ ಇಟ್ಟಿದ್ದೇನೆ. ಇದು ಬಂದ ಮೇಲೆ, ಮರಿ ದೊಡ್ಡದಾಗುವವರೆಗೆ ರಾತ್ರಿ 26 ಡಿಗ್ರಿಗಿಂತ ಕೆಳಗಿಳಿಯಲು ಬಿಡಲಿಲ್ಲ. ಇದಿಲ್ಲದ ಮೊದಲ ಚಳಿಗಾಲದಲ್ಲಿ ಪೆಟ್ಟಿಗೆ 19ಕ್ಕೆ ಇಳಿದು, ಒಳಗಿನ ಮಣ್ಣೂ ಹಸಿಯಾಗಿದ್ದರಿಂದ ಮೂಗಿನಲ್ಲಿ ಗುಳ್ಳೆ ಬರತೊಡಗಿತ್ತು. ತಂಪು ಮತ್ತು ಹಸಿ ಒಟ್ಟಿಗೆ ಸೇರಿದರೆ ಉಸಿರಾಟದ ಕಾಯಿಲೆ ನಿಶ್ಚಿತ ಎಂದು ವೈದ್ಯರು ಎಚ್ಚರಿಸಿದ್ದರು. ಕರೆಂಟ್ ಹೋಗುವ ರಾತ್ರಿಗಳಿಗೆ ಇನ್ವರ್ಟರ್ ಇದೆ, ಆದರೂ ಅದಕ್ಕಿಂತ ಹೆಚ್ಚು ನೆರವಾಗಿರುವುದು ಪೆಟ್ಟಿಗೆಯೇ: ಎರಡು ಪ್ಲೈವುಡ್ ಹಲಗೆಗಳ ನಡುವೆ ಥರ್ಮೋಕೋಲ್ ಇಟ್ಟು ಮಾಡಿಸಿದ ಗೋಡೆ, ಬಾಗಿಲಿಗೆ ದಪ್ಪ ಗೋಣಿಚೀಲದ ಪರದೆ. ಎರಡು ಗಂಟೆ ಕರೆಂಟ್ ಇಲ್ಲದಿದ್ದರೂ ಒಳಗೆ ಇಳಿಯುವುದು ಎರಡು ಮೂರು ಡಿಗ್ರಿ ಮಾತ್ರ. ಥರ್ಮೋಕೋಲ್ ಆಮೆಯ ಬಾಯಿಗೆ ಸಿಗದಂತೆ ಅಂಚುಗಳನ್ನು ಮುಚ್ಚಿಸಲೇಬೇಕು, ಬಿಳಿ ವಸ್ತು ಕಂಡರೆ ಅದು ಕಚ್ಚದೆ ಬಿಡುವುದಿಲ್ಲ.

ದೀಪಗಳ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಬಿಡುವ ಸಂಗತಿ ಒಂದಿದೆ: ಶಾಖದ ದೀಪ ಗಾಳಿಯನ್ನೂ ಚಿಪ್ಪನ್ನೂ ಒಣಗಿಸುತ್ತದೆ. ಸಲ್ಕಾಟಾ ಮರಿಗಳ ಚಿಪ್ಪು ಗೋಪುರಗಳಂತೆ ಏಳುವುದಕ್ಕೆ ಮೇವಿನ ಪ್ರೋಟೀನಿಗಿಂತ ಒಣ ವಾತಾವರಣವೇ ಹೆಚ್ಚಿನ ಕಾರಣ ಎಂದು 2003ರಲ್ಲಿ ಪ್ರಕಟವಾದ ಆಸ್ಟ್ರಿಯಾದ ಅಧ್ಯಯನವೊಂದು ತೋರಿಸಿತು. ಮೊದಲೇ ಒಣ ಹವೆಯ ಊರು ನಮ್ಮದು, ಅದರ ಮೇಲೆ ದಿನಪೂರ್ತಿ ದೀಪ ಉರಿಸಿದರೆ ಕೇಳಬೇಕೆ? ನನ್ನ ಆಮೆಯ ಬೆನ್ನಿನ ಮೇಲೆ ಮೊದಲ ವರ್ಷದ ಎರಡು ಉಬ್ಬುಗಳು ಇಂದಿಗೂ ಉಳಿದಿವೆ, ಅವು ಹೋಗುವಂಥವಲ್ಲ. ಆಮೇಲಿನ ಬೆಳವಣಿಗೆ ನಯವಾಗಿದೆ. ಮರಿ ಇದ್ದಾಗ ಹ್ಯಾಲೊಜನ್ ಹೊತ್ತಿಸುವ ಮುನ್ನ ದಿನವೂ ಬೆಚ್ಚಗಿನ ನೀರಿನಲ್ಲಿ ಇಪ್ಪತ್ತು ನಿಮಿಷ ಬಿಡುತ್ತಿದ್ದೆ, ಮಲಗುವ ಮೂಲೆಯ ತೆಂಗಿನ ನಾರಿನ ಪುಡಿ ತೇವವಾಗಿಯೂ ಬೆಚ್ಚಗೂ ಇರುವಂತೆ ನೋಡಿಕೊಳ್ಳುತ್ತಿದ್ದೆ.

ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಎಲ್ಲ ದೀಪಗಳ ಪ್ಲಗ್ ತೆಗೆದಿಡುತ್ತೇನೆ. ಆಗಿನ ಸಮಸ್ಯೆ ನೆರಳಿನದು. ಮಧ್ಯಾಹ್ನ ಮೂರು ಗಂಟೆಗೆ ಅಂಗಳದ ಫರ್ಶಿಗೆ ಶಾಖ ಅಳೆಯುವ ಗನ್ ಹಿಡಿದಾಗ 58 ಡಿಗ್ರಿ ತೋರಿಸಿತ್ತು. ಆ ಹೊತ್ತಿನಲ್ಲಿ ಆಮೆ ಮಗುಚಿ ಬಿದ್ದರೆ ಸ್ವಲ್ಪ ಹೊತ್ತಿನಲ್ಲೇ ಸತ್ತುಹೋದೀತು. ಕಾಡಿನಲ್ಲಿ ಅದು ಬಿಲ ತೋಡಿಕೊಂಡು ಒಳಗೆ ಸೇರುತ್ತದೆ, ತಾಪ ತಾಳಲಾರದೆ ಹೋದರೆ ಬಾಯಿಯ ಜೊಲ್ಲನ್ನು ಮುಂಗಾಲುಗಳಿಗೆ ಬಳಿದುಕೊಳ್ಳುತ್ತದೆ. ಒಮ್ಮೆ ನಮ್ಮ ಅಂಗಳದಲ್ಲಿಯೇ ಅದು ಹಾಗೆ ಜೊಲ್ಲು ಸುರಿಸಿದ್ದನ್ನು ಕಂಡ ದಿನವೇ ಬೇವಿನ ಮರದ ಕೆಳಗೆ ಗುಂಡಿ ತೋಡಿಸಿ, ಮೇಲೆ ಫರ್ಶಿ ಹೊದಿಸಿ, ಅದರ ಮೇಲೆ ಒಂದೂವರೆ ಅಡಿ ಮಣ್ಣು ಹಾಕಿಸಿದೆ. ಹೊರಗೆ 42 ಇದ್ದಾಗ ಒಳಗೆ 31.

ಯುವಿ ಟ್ಯೂಬಿನ ಬೆಳಕು ಕಣ್ಣಿಗೆ ಮೊದಲಿನಂತೆಯೇ ಕಂಡರೂ ಅದರ ಯುವಿ ತಿಂಗಳು ತಿಂಗಳಿಗೂ ಕುಗ್ಗುತ್ತದೆ. ನನ್ನದು ವರ್ಷಕ್ಕೆ ಮೂರು ತಿಂಗಳು ಮಾತ್ರ ಉರಿಯುವುದರಿಂದ ಒಂದೇ ಟ್ಯೂಬ್ ಮೂರು ಮಳೆಗಾಲ ಬಂತು. ಹೊತ್ತಿಸಿದ ದಿನವನ್ನೂ ಆರಿಸಿದ ದಿನವನ್ನೂ ಟ್ಯೂಬಿನ ತುದಿಯ ಲೋಹದ ಮೇಲೆ ಮಾರ್ಕರಿನಿಂದ ಬರೆಯುತ್ತೇನೆ. ಕಳೆದ ಸೆಪ್ಟೆಂಬರಿನಲ್ಲಿ ಬೆನ್ನಿನ ಮಟ್ಟದ ಸೂಚ್ಯಂಕ 2ಕ್ಕೆ ಇಳಿದದ್ದರಿಂದ ಹೊಸದನ್ನು ತರಿಸಿಟ್ಟಿದ್ದೇನೆ, ಜುಲೈಗೆ ಹಾಕಬೇಕು.