ಕುದಿಸದೆ ತೆಂಗಿನೆಣ್ಣೆ: ಪಪ್ಪಾಯಿ ಸೊನೆ ಇದ್ದರೆ ಸಾಕು

ತೆಂಗಿನ ಹಾಲನ್ನು ಬಾಣಲೆಗೆ ಸುರಿದು, ದೊಡ್ಡ ಉರಿಯಲ್ಲಿ ಕುದಿಸಿ, ಕಂದುಬಣ್ಣಕ್ಕೆ ತಿರುಗಿದ ಎಣ್ಣೆಯನ್ನು ತೋರಿಸಿ ‘ಪಪ್ಪಾಯಿ ಸೊನೆ ಹಾಕಿದರೂ ಪ್ರಯೋಜನವಾಗಲಿಲ್ಲ’ ಎನ್ನುವವರನ್ನು ಬಹಳ ಕಂಡಿದ್ದೇನೆ. ಆಗುವುದಾದರೂ ಹೇಗೆ? ಎಣ್ಣೆ ಬಿಡಿಸುವುದು ಸೊನೆಯಲ್ಲಿರುವ ಪಪೈನ್ ಎಂಬ ಕಿಣ್ವ, ಅಂದರೆ ಪ್ರೋಟೀನನ್ನು ಕತ್ತರಿಸುವ ವಸ್ತು. ಕುದಿಯುವ ಹಾಲಿನಲ್ಲಿ ಅದು ಕೆಟ್ಟುಹೋಗುತ್ತದೆ.

ಮೊದಲು ಹಾಲು. ಚೆನ್ನಾಗಿ ಬಲಿತ ನಾಲ್ಕು ಕಾಯಿ ತುರಿದು, ಉಗುರುಬೆಚ್ಚಗಿನ ನೀರು ಬೆರೆಸಿ ರುಬ್ಬಿ, ಬಟ್ಟೆಯಲ್ಲಿ ಎರಡು ಸಲ ಹಿಂಡಿ. ಡಬ್ಬಿಯ ತೆಂಗಿನ ಹಾಲು ಬೇಡವೇ ಬೇಡ. ಹಾಲು ಒಡೆಯದಿರಲೆಂದೇ ಹಲವು ಡಬ್ಬಿಗಳಲ್ಲಿ ಗೋರಿಕಾಯಿ ಬೀಜದ ಅಂಟು ಸೇರಿಸಿರುತ್ತಾರೆ. ನಾವು ಮಾಡಬೇಕಾದದ್ದು ಹಾಲನ್ನು ಒಡೆಯುವ ಕೆಲಸ.

ಹಾಲನ್ನು ರಾತ್ರಿಯಿಡೀ ಫ್ರಿಜ್‌ನಲ್ಲಿಡಿ. ಬೆಳಿಗ್ಗೆ ಮೇಲೆ ಗಟ್ಟಿಯಾದ ಕೆನೆಗೆ ಚಾಕುವಿನಿಂದ ತೂತು ಮಾಡಿ, ಕೆಳಗಿನ ನೀರನ್ನು ಬಸಿದುಬಿಡಿ. ಸಮಯವಿಲ್ಲವೆಂದು ಈ ಹಂತ ಬಿಡಬೇಡಿ. ತಣ್ಣಗಾದಾಗ ಹೆಪ್ಪುಗಟ್ಟುವ ಎಣ್ಣೆಯ ಹರಳುಗಳು ಎಣ್ಣೆ ಹನಿಗಳ ಸುತ್ತಲಿನ ಪೊರೆಯನ್ನು ಚುಚ್ಚಿ ಸಡಿಲಗೊಳಿಸುತ್ತವೆ. ಅರ್ಧ ಕೆಲಸ ಅಲ್ಲಿಯೇ ಮುಗಿದಿರುತ್ತದೆ.

ಇನ್ನು ಸೊನೆ. ಹಸಿರು ಪಪ್ಪಾಯಿಯ ಸಿಪ್ಪೆಗೆ ತೆಳುವಾಗಿ ಗೀರು ಹಾಕಿದರೆ ಬಿಳಿ ಸೊನೆ ಒಸರುತ್ತದೆ. ಒಂದು ಚಹಾ ಚಮಚ ಸಾಕು. ಕೈಗೆ ತಾಗಿದರೆ ತುರಿಕೆ, ಕೈಗವಸು ಹಾಕಿಕೊಳ್ಳಿ. ರಬ್ಬರ್ ಅಥವಾ ಪಪ್ಪಾಯಿ ಒಗ್ಗದವರು ಇದರ ಗೋಜಿಗೆ ಹೋಗಬಾರದು. ಹಣ್ಣಾದ ಪಪ್ಪಾಯಿಯಲ್ಲಿ ಈ ಕಿಣ್ವ ತೀರಾ ಕಡಿಮೆ. ಮಾಂಸ ಮೆದುಮಾಡಲು ಮಾರುವ ಪುಡಿಯಲ್ಲಿ ಪಪೈನ್ ಇದ್ದರೂ ಉಪ್ಪೇ ಹೆಚ್ಚಿರುವುದುಂಟು, ಚೀಟಿ ಓದದೆ ಕೊಳ್ಳಬೇಡಿ.

ಜನ ಎಡವುವುದು ಇಲ್ಲಿಂದ ಮುಂದೆ. ಎಣ್ಣೆಯ ಪ್ರತಿ ಹನಿಯ ಸುತ್ತಲೂ ಪ್ರೋಟೀನಿನ ತೆಳುಪೊರೆ ಇದೆ. ಪಪೈನ್ ಅದನ್ನು ಕತ್ತರಿಸಿದಾಗ ಹನಿಗಳು ಒಂದರೊಳಗೊಂದು ಕೂಡಿ ಮೇಲೇಳುತ್ತವೆ. ಅದಕ್ಕೆ ಹದವಾದ ಬಿಸಿ ಮತ್ತು ಹೊತ್ತು ಎರಡೂ ಬೇಕು. ಕೆನೆಯ ಪಾತ್ರೆಯನ್ನು ಬಿಸಿನೀರಿನ ಪಾತ್ರೆಯೊಳಗಿಟ್ಟು, ಕೆನೆ 50ರಿಂದ 55 ಡಿಗ್ರಿ ಸೆಲ್ಸಿಯಸ್‌ಗೆ ಬಂದ ಮೇಲೆ ಸೊನೆ ಬೆರೆಸಿ. ಬೆರಳಿಟ್ಟು ಅಂದಾಜು ಮಾಡುವುದನ್ನು ನಾನು ಒಪ್ಪುವುದಿಲ್ಲ. ಅಡುಗೆ ಥರ್ಮಾಮೀಟರ್ ಕೊಳ್ಳಿ. ಒಲೆ ಆರಿಸಿ, ಮುಚ್ಚಿ, ದಪ್ಪ ಬಟ್ಟೆ ಸುತ್ತಿ. ಅರ್ಧ ಗಂಟೆಗೊಮ್ಮೆ ಹೊರಗಿನ ನೀರನ್ನು ಬದಲಿಸಿ, ಮರದ ಸೌಟಿನಿಂದ ನಿಧಾನವಾಗಿ ಎರಡು ಸುತ್ತು ಕದಡಿ. ಕಡೆಗೋಲು, ಮಿಕ್ಸಿ ಮುಟ್ಟಲೇಬೇಡಿ. ಬೇಗ ಆಗಲೆಂದು ಕಡೆದರೆ ಬೇರ್ಪಟ್ಟ ಎಣ್ಣೆ ಮತ್ತೆ ಹಾಲಿನೊಳಗೆ ಸೇರಿಕೊಳ್ಳುತ್ತದೆ. ಮೊದಲ ಒಂದು ಗಂಟೆ ಏನೂ ಕಾಣದಿರಬಹುದು, ಗಾಬರಿಯಾಗಿ ಉರಿ ಹೆಚ್ಚಿಸಬೇಡಿ. ಮೂರು ಗಂಟೆಯ ಬಳಿಕ ಅಲುಗಾಡಿಸದೆ ಬೆಚ್ಚಗಿನ ಜಾಗದಲ್ಲಿಡಿ. ಸುಮಾರು 24 ಡಿಗ್ರಿಗಿಂತ ಕೆಳಗಿಳಿದರೆ ಎಣ್ಣೆ ಹೆಪ್ಪುಗಟ್ಟುತ್ತದೆ, ಮಲೆನಾಡಿನ ಚಳಿಗಾಲದಲ್ಲಿ ಎಚ್ಚರ.

ಮೇಲೆ ತಿಳಿಯಾಗಿ ನಿಂತ ಎಣ್ಣೆಯನ್ನು ಸೌಟಿನಲ್ಲಿ ತೆಗೆದು, ಸಣ್ಣ ಉರಿಯಲ್ಲಿ ಚಟಪಟ ಸದ್ದು ನಿಲ್ಲುವವರೆಗೆ ಬಿಸಿ ಮಾಡಿ, ಸೋಸಿ, ಒಣಗಿದ ಗಾಜಿನ ಬಾಟಲಿಗೆ ತುಂಬಿ. ನೀರಿನಂಶ ಉಳಿದರೆ ಎಣ್ಣೆ ಬೇಗ ಮುಗ್ಗಲು ವಾಸನೆ ಹಿಡಿಯುತ್ತದೆ.

ಇದೇ ಉಪಾಯವನ್ನು ಎಳ್ಳು, ಕಡಲೆಕಾಯಿಗೆ ಮನೆಯಲ್ಲಿ ಮಾಡಲು ಹೋಗಬೇಡಿ. ಆ ಬೀಜಗಳ ಜೀವಕೋಶದ ಗೋಡೆಯನ್ನು ಸಡಿಲಿಸಲು ಸೆಲ್ಯುಲೇಸ್, ಪೆಕ್ಟಿನೇಸ್‌ನಂಥ ಬೇರೆ ಕಿಣ್ವಗಳ ನೆರವು ಬೇಕು, ಎಣ್ಣೆ ಬೇರ್ಪಡಿಸಲು ಯಂತ್ರವೂ ಬೇಕು. ಅವನ್ನು ಗಾಣಕ್ಕೆ ಕೊಡಿ.